ಹೂವಿಗಿಂತ ಹಿರಿಯ ಕಣ್ಣು

ಜೇನುನೊಣಕ್ಕೆ ಬಣ್ಣ ಕಾಣುವುದಿಲ್ಲ ಎಂದು 1910ರ ದಶಕದ ಆರಂಭದಲ್ಲಿ ಕಾರ್ಲ್ ಫಾನ್ ಹೆಸ್ ಸಾರಿದಾಗ ಎದುರಾಡುವುದು ಸುಲಭವಿರಲಿಲ್ಲ. ಹೆಸ್ ಮ್ಯೂನಿಕ್‌ನ ಕಣ್ಣಿನ ಆಸ್ಪತ್ರೆಯ ಮುಖ್ಯಸ್ಥರು, ದೃಷ್ಟಿವಿಜ್ಞಾನದಲ್ಲಿ ದೊಡ್ಡ ಹೆಸರು. ಕತ್ತಲೆಯಲ್ಲಿ ಜೇನುಗಳನ್ನು ಬಿಟ್ಟು ಬಗೆಬಗೆಯ ಬಣ್ಣದ ಬೆಳಕು ತೋರಿಸಿದರೆ ಅವು ಹೆಚ್ಚು ಪ್ರಖರವಾಗಿ ಕಂಡ ಕಡೆಗೇ ನುಗ್ಗುತ್ತವೆ, ಬಣ್ಣದ ಗೊಡವೆಗೇ ಹೋಗುವುದಿಲ್ಲ ಎಂಬುದು ಅವರ ಪ್ರಯೋಗದ ಸಾರ. ಅದೇ ಊರಿನಲ್ಲಿದ್ದ, ಇನ್ನೂ ಮೂವತ್ತು ತುಂಬದ ಕಾರ್ಲ್ ಫಾನ್ ಫ್ರಿಷ್‌ಗೆ ಈ ತೀರ್ಮಾನ ಗಂಟಲಲ್ಲಿ ಇಳಿಯಲಿಲ್ಲ. ಕೀಟಗಳಿಗೆ ಬಣ್ಣವೇ ಕಾಣದಿದ್ದರೆ ಇಷ್ಟೊಂದು ಹೂಗಳು ಯಾರಿಗಾಗಿ ಬಣ್ಣ ಬಳಿದುಕೊಂಡಿವೆ?

ಫ್ರಿಷ್ ಮೇಜಿನ ಮೇಲೆ ಒಂದು ನೀಲಿ ಕಾಗದ ಇಟ್ಟರು. ಅದರ ಸುತ್ತ ಬಿಳಿಯಿಂದ ಕಪ್ಪಿನವರೆಗೆ ನಾನಾ ಛಾಯೆಯ ಬೂದು ಕಾಗದಗಳು. ಪ್ರತಿಯೊಂದರ ಮೇಲೂ ಗಾಜಿನ ಬಟ್ಟಲು, ಆದರೆ ಸಕ್ಕರೆ ನೀರು ಇದ್ದದ್ದು ನೀಲಿಯ ಮೇಲಿನ ಬಟ್ಟಲಿನಲ್ಲಿ ಮಾತ್ರ. ಜೇನುಗಳು ಅದಕ್ಕೆ ಒಗ್ಗಿದ ಮೇಲೆ ಎಲ್ಲ ಬಟ್ಟಲುಗಳನ್ನೂ ಖಾಲಿ ಇಟ್ಟು, ಕಾಗದಗಳ ಜಾಗ ಬದಲಿಸಿ ನೋಡಿದರು. ಬಣ್ಣಗುರುಡು ಕಣ್ಣಿಗೆ ಯಾವುದೋ ಒಂದು ಬೂದು ಛಾಯೆ ನೀಲಿಯಷ್ಟೇ ಪ್ರಖರವಾಗಿ ಕಂಡು ಗೊಂದಲವಾಗಲೇಬೇಕು. ಜೇನುಗಳಿಗೆ ಗೊಂದಲವಾಗಲಿಲ್ಲ, ನೇರ ನೀಲಿಗೇ ಬಂದವು. 1914ರಲ್ಲಿ ಫ್ರಿಷ್ ಇದನ್ನು ಪ್ರಕಟಿಸಿದರು. ಹೆಸ್ ಕಂಡದ್ದೂ ಸುಳ್ಳಲ್ಲ. ಕತ್ತಲೆಯಿಂದ ತಪ್ಪಿಸಿಕೊಳ್ಳಲು ಹೊರಟ ಜೇನಿಗೆ ಬೆಳಕು ಸಾಕು, ಊಟ ಹುಡುಕುವ ಜೇನಿಗೆ ಬಣ್ಣ ಬೇಕು. ಒಂದೇ ಕಣ್ಣು ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಲೆಕ್ಕ ಇಟ್ಟಿರುತ್ತದೆ ಎಂಬ ಈ ಸಂಗತಿ ಅಧ್ಯಾಯದುದ್ದಕ್ಕೂ ನಮ್ಮ ಜೊತೆಗಿರುತ್ತದೆ.

ಕೆಂಪು ಕಾಗದದೊಂದಿಗೆ ಇದೇ ಪ್ರಯೋಗ ಸೋತಿತು. ಜೇನುಗಳು ಕೆಂಪನ್ನು ಕಪ್ಪು ಹಾಗೂ ಕಡುಬೂದಿನ ಜೊತೆ ಬೆರೆಸಿಬಿಟ್ಟವು. ಇನ್ನೊಂದು ತುದಿಯಲ್ಲಿ ಲೆಕ್ಕ ತಿರುವುಮುರುವಾಗಿತ್ತು. ನಮಗೆ ಕಾಣದ ಅತಿನೇರಳೆ ಕಿರಣಗಳು ಜೇನಿಗೆ ಒಂದು ಬಣ್ಣವಾಗಿಯೇ ಕಾಣುತ್ತವೆ ಎಂದು 1920ರ ದಶಕದಲ್ಲಿ ಆಲ್ಫ್ರೆಡ್ ಕ್ಯೂನ್ ತೋರಿಸಿದರು. 1950ರ ದಶಕದಲ್ಲಿ ಕಾರ್ಲ್ ಡಾವ್ಮರ್ ಜೇನಿನ ಬಣ್ಣಗಳ ಬೆರಕೆಯನ್ನೇ ಅಳೆದು, ನಮಗೆ ಬರೀ ಹಳದಿಯಾಗಿ ಕಾಣುವ ಹಲವು ಹೂಗಳ ಎಸಳಿನಲ್ಲಿ ಅತಿನೇರಳೆಯ ವಿನ್ಯಾಸಗಳಿವೆ ಎಂದು ವಿವರಿಸಿದರು. ಮಕರಂದಕ್ಕೆ ದಾರಿ ತೋರುವ ಗುರುತುಗಳು ಹೂವಿನ ಮೇಲಿರುತ್ತವೆ ಎಂದು ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್ 1793ರಲ್ಲೇ ಬರೆದಿದ್ದ. ಅವನ ಕಾಲದವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಗುರುತುಗಳಲ್ಲಿ ಎಷ್ಟೋ ಅವನ ಕಣ್ಣಿಗೂ ಬೀಳುವಂಥವಲ್ಲ ಎಂಬುದು ತಿಳಿಯಲು ಇನ್ನೊಂದೂವರೆ ಶತಮಾನ ಬೇಕಾಯಿತು.

1964ರಲ್ಲಿ ಹಾನ್ಸ್ಯೋಖೆಮ್ ಆಟ್ರುಮ್ ಮತ್ತು ಫಾನ್ ಸ್ವೆಲ್ ಜೇನಿನ ಕಣ್ಣಿನ ಒಂದೊಂದೇ ಕೋಶಕ್ಕೆ ವಿದ್ಯುದಗ್ರ ಚುಚ್ಚಿ, ಯಾವ ಬೆಳಕಿಗೆ ಅದು ಮಿಡಿಯುತ್ತದೆ ಎಂದು ದಾಖಲಿಸಿದರು. ಮುಂದಿನ ಅಳತೆಗಳು ಸೇರಿ ಈಗ ನಮ್ಮ ಕೈಯಲ್ಲಿರುವ ಸಂಖ್ಯೆಗಳು ಮೂರು: 344, 436, 544 ನ್ಯಾನೋಮೀಟರ್. ಅತಿನೇರಳೆ, ನೀಲಿ, ಹಸಿರು. ಕೆಲಸಗಾರ ಜೇನಿನ ಒಂದು ಸಂಯುಕ್ತ ಕಣ್ಣಿನಲ್ಲಿ ಸುಮಾರು 5,500 ಕಿರುಗಣ್ಣುಗಳಿವೆ. ಪ್ರತಿ ಕಿರುಗಣ್ಣಿನೊಳಗೆ ಒಂಬತ್ತು ಗ್ರಾಹಕ ಕೋಶಗಳು, ಮತ್ತು ಪ್ರತಿ ಕೋಶವೂ ಈ ಮೂರರಲ್ಲಿ ಒಂದಕ್ಕೆ ಮೀಸಲು.

ಇಲ್ಲಿಗೆ ಶಾಲೆಯ ಪಾಠ ಮುಗಿಯುತ್ತದೆ, ಸಾಮಾನ್ಯವಾಗಿ ಒಂದು ಮುದ್ದಾದ ವಾಕ್ಯದೊಂದಿಗೆ: ಹೂವು ಮತ್ತು ಜೇನು ಒಂದಕ್ಕೊಂದು ಹೊಂದಿಕೊಂಡು ವಿಕಾಸವಾದವು. ಈ ವಾಕ್ಯ ನನಗೆ ಯಾವತ್ತೂ ಅನುಮಾನಾಸ್ಪದವಾಗಿಯೇ ಕಂಡಿದೆ. ಹೊಂದಿಕೊಂಡದ್ದು ಯಾರು, ಕಾದು ಕುಳಿತದ್ದು ಯಾರು?

ಈ ಪ್ರಶ್ನೆಯನ್ನು ಬೆನ್ನಟ್ಟಿದವರು ಲಾರ್ಸ್ ಚಿಟ್ಕಾ. 1992ರಲ್ಲಿ ಅವರು ರಾಂಡೋಲ್ಫ್ ಮೆನ್ಜೆಲ್ ಜೊತೆಗೂಡಿ 180 ಹೂಗಳು ಪ್ರತಿಫಲಿಸುವ ಬೆಳಕನ್ನು ಅಳೆದು, ಈ ಹೂಗಳನ್ನು ಒಂದರಿಂದೊಂದು ಬೇರ್ಪಡಿಸಿ ನೋಡಲು ಯಾವ ಬಗೆಯ ಕಣ್ಣು ಅತ್ಯುತ್ತಮ ಎಂದು ಲೆಕ್ಕ ಹಾಕಿದ್ದರು. ಲೆಕ್ಕದಲ್ಲಿ ಹೊರಬಿದ್ದ ಆದರ್ಶ ಕಣ್ಣು ನಿಜವಾದ ಜೇನಿನ ಕಣ್ಣಿಗೆ ತೀರ ಹತ್ತಿರವಿತ್ತು. ಹೂವಿಗಾಗಿಯೇ ಮಾಡಿಸಿದ ಕಣ್ಣು ಎಂದು ಯಾರಾದರೂ ಹೇಳುವಂತಿತ್ತು. ಆದರೆ ಹೊಂದಾಣಿಕೆ ಕಂಡ ಮಾತ್ರಕ್ಕೆ ಯಾರು ಯಾರಿಗೆ ಹೊಂದಿಕೊಂಡರು ಎಂಬುದು ತಿಳಿಯುವುದಿಲ್ಲ. 1996ರ ಪ್ರಬಂಧದಲ್ಲಿ ಚಿಟ್ಕಾ ವಂಶವೃಕ್ಷದ ಮೊರೆ ಹೋದರು. ಹೂವಿನ ತಂಟೆಗೇ ಹೋಗದ ಕೀಟಗಳು, ಕೀಟಗಳೇ ಅಲ್ಲದ ಏಡಿ ಸೀಗಡಿಗಳ ಬಳಗದವರು, ಇವರ ಕಣ್ಣಿನಲ್ಲಿ ಏನಿದೆ? ಅಲ್ಲೂ ಅತಿನೇರಳೆ, ನೀಲಿ, ಹಸಿರಿನ ಸುತ್ತಮುತ್ತಲ ಗ್ರಾಹಕಗಳೇ ಸಿಕ್ಕವು. ಅಂದರೆ ಈ ಮೂರರ ಕಟ್ಟು ಅವರೆಲ್ಲರ ಸಮಾನ ಪೂರ್ವಜರಿಂದ ಬಂದದ್ದು.

ಕಾಲಮಾನ ನೋಡಿದರೆ ಅಂತರ ದಿಗಿಲು ಹುಟ್ಟಿಸುತ್ತದೆ. ಕೀಟಗಳ ವಂಶ ಸುಮಾರು 48 ಕೋಟಿ ವರ್ಷ ಹಳೆಯದು, ರೆಕ್ಕೆಯ ಕೀಟಗಳಿಗೆ ಸುಮಾರು 40 ಕೋಟಿ ವರ್ಷ. ಹೂಬಿಡುವ ಸಸ್ಯಗಳ ಸ್ಪಷ್ಟ ಪಳೆಯುಳಿಕೆಗಳು ಶುರುವಾಗುವುದೇ ಸುಮಾರು 13 ಕೋಟಿ ವರ್ಷದ ಹಿಂದೆ. ಮೊದಲ ಹೂ ಅರಳಿದಾಗ ಅದನ್ನು ನೋಡಬಲ್ಲ ಕಣ್ಣು ಆಗಲೇ ಇಪ್ಪತ್ತೈದು ಕೋಟಿ ವರ್ಷಗಳಿಗೂ ಮೀರಿ ಸೇವೆಯಲ್ಲಿತ್ತು. ಆ ಕಣ್ಣು ಆಕಾಶದ ನೀಲಿಯನ್ನು, ಎಲೆಯ ಹಸಿರನ್ನು, ಬಿಸಿಲಿನ ದಿಕ್ಕನ್ನು ಬೇರೆ ಮಾಡಿ ನೋಡಲು ಹುಟ್ಟಿದ್ದು. ಹೂಗಳು ಆಮೇಲೆ ಬಂದು, ಇದ್ದ ಕಣ್ಣಿಗೆ ಎದ್ದು ಕಾಣುವ ಬಣ್ಣಗಳನ್ನು ಆರಿಸಿಕೊಂಡವು.

ಇದಕ್ಕೆ ಆಸ್ಟ್ರೇಲಿಯಾ ಒಳ್ಳೆಯ ಸಾಕ್ಷಿ. ಆ ಖಂಡ ಇತರ ಭೂಭಾಗಗಳಿಂದ ಕಳಚಿಕೊಂಡು 3 ಕೋಟಿಗೂ ಹೆಚ್ಚು ವರ್ಷ ಒಂಟಿಯಾಗಿತ್ತು. ಅಲ್ಲಿನ ಹೂಗಳು ತಮ್ಮದೇ ದಾರಿಯಲ್ಲಿ ಬೆಳೆದವು. 2012ರಲ್ಲಿ ಏಡ್ರಿಯನ್ ಡೈಯರ್ ಮತ್ತು ಸಂಗಡಿಗರು ಅಲ್ಲಿನ ಕಾಡುಹೂಗಳ ಬಣ್ಣ ಅಳೆದಾಗ, ಎಸಳು ಬೆಳಕನ್ನು ಹೀರುವುದನ್ನು ಬಿಟ್ಟು ಥಟ್ಟನೆ ಪ್ರತಿಫಲಿಸತೊಡಗುವ ಬಿಂದುಗಳು ಯುರೋಪು, ಏಷ್ಯಾದ ಹೂಗಳಲ್ಲಿರುವ ತರಂಗಾಂತರಗಳಲ್ಲೇ ಗುಂಪುಗೂಡಿದ್ದವು. 400 ಮತ್ತು 500 ನ್ಯಾನೋಮೀಟರಿನ ಆಸುಪಾಸು ಅವು. ಜೇನಿನ ಮೂರು ಗ್ರಾಹಕಗಳ ನಡುವಿನ ಎರಡು ಗಡಿಗಳು ಬರುವುದೂ ಅಲ್ಲೇ, ಬಣ್ಣದ ಸೂಕ್ಷ್ಮ ವ್ಯತ್ಯಾಸ ಜೇನಿಗೆ ಅತಿ ಚುರುಕಾಗಿ ತಿಳಿಯುವುದೂ ಅಲ್ಲೇ. ಎರಡು ಕಡೆಯ ಸಸ್ಯಗಳು ಪರಸ್ಪರ ಸಂಪರ್ಕವಿಲ್ಲದೆ ಒಂದೇ ಉತ್ತರಕ್ಕೆ ಬಂದಿದ್ದರೆ, ಪ್ರಶ್ನೆ ಕೇಳುತ್ತಿದ್ದ ಕಣ್ಣು ಎರಡೂ ಕಡೆ ಒಂದೇ ಆಗಿದ್ದಿರಬೇಕು.

ಹಾಗಾದರೆ ಕಣ್ಣು ಬದಲಾಗಲೇ ಇಲ್ಲವೇ? ಬದಲಾಗಿದೆ, ಕೆಲವು ವಂಶಗಳಲ್ಲಿ ಬೆರಗಾಗುವಷ್ಟು. ಅದನ್ನು ಓದಬೇಕಾದದ್ದು ಜೀನುಗಳಲ್ಲಿ.

ಪ್ರತಿ ಗ್ರಾಹಕ ಕೋಶದಲ್ಲೂ ಬೆಳಕು ಹಿಡಿಯುವ ಕೆಲಸ ಆಪ್ಸಿನ್ ಎಂಬ ಪ್ರೋಟೀನಿನದು. ಕೋಶದ ಪೊರೆಯನ್ನು ಏಳು ಸಲ ಹಾದುಹೋಗುವ ಸುರುಳಿ ಇದು. ನಡುವೆ, ಲೈಸೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡು, ವಿಟಮಿನ್ ಎ ಬಳಗದ ರೆಟಿನಾಲ್ ಅಣು ಮುದುರಿ ಕೂತಿರುತ್ತದೆ. ಬೆಳಕಿನ ಒಂದು ಕಣ ತಾಗಿದರೆ, ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಅದರ ಬಾಗು ನೆಟ್ಟಗಾಗುತ್ತದೆ. ಸುತ್ತಲಿನ ಪ್ರೋಟೀನು ಆಕಾರ ಬದಲಿಸಿ, ಕೋಶಕ್ಕೆ ಸುದ್ದಿ ಮುಟ್ಟುತ್ತದೆ. ಕಣ್ಣಿನಲ್ಲಿ ಈ ಅಣುವನ್ನು ಗುರುತಿಸಿದ ಜಾರ್ಜ್ ವಾಲ್ಡ್‌ಗೆ 1967ರ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ನಮ್ಮ ಕಣ್ಣಿನಲ್ಲೂ ಸೊಳ್ಳೆಯ ಕಣ್ಣಿನಲ್ಲೂ ಏರ್ಪಾಡು ಮೂಲತಃ ಇದೇ.

ರೆಟಿನಾಲ್ ತನ್ನಷ್ಟಕ್ಕೆ ಬಣ್ಣ ಆರಿಸುವುದಿಲ್ಲ. ಅದು ಕೂತ ಗೂಡಿನ ಗೋಡೆಯಲ್ಲಿ ಯಾವ ಯಾವ ಅಮೈನೋ ಆಮ್ಲಗಳಿವೆ ಎಂಬುದರ ಮೇಲೆ ಅದು ಯಾವ ತರಂಗಾಂತರಕ್ಕೆ ಹೆಚ್ಚು ಸ್ಪಂದಿಸುತ್ತದೆ ಎಂಬುದು ನಿಂತಿದೆ. ಹಣ್ಣುನೊಣದ ಅತಿನೇರಳೆ ಆಪ್ಸಿನ್‌ನಲ್ಲಿ ಎರಡನೇ ಸುರುಳಿಯ ಒಂದು ಜಾಗದಲ್ಲಿ ಇನ್ನೊಂದು ಲೈಸೀನ್ ಇದೆ. ಅದೊಂದನ್ನು ಬದಲಿಸಿದರೆ ಅತಿನೇರಳೆಯ ಸಂವೇದನೆಯೇ ಹೋಗುತ್ತದೆ ಎಂದು 2003ರಲ್ಲಿ ಗೊತ್ತಾಯಿತು. ಕೋಸಿನ ಹೊಲದ ಬಿಳಿ ಚಿಟ್ಟೆ ಪಿಯೆರಿಸ್ ರೇಪೆಯಲ್ಲಿ ನೀಲಿಯ ಜೀನು ಎರಡಾಗಿ, ಒಂದು ನೀಲಿಯಲ್ಲೇ ಉಳಿದು ಇನ್ನೊಂದು ನೇರಳೆಯ ಕಡೆ ಸರಿದಿದೆ. ಜಪಾನಿನ ಸಂಶೋಧಕರು ಅವನ್ನು ಪ್ರಯೋಗಶಾಲೆಯ ಕೋಶಗಳಲ್ಲಿ ತಯಾರಿಸಿ, ಒಂದೊಂದೇ ಅಮೈನೋ ಆಮ್ಲ ಬದಲಿಸಿ ನೋಡಿದಾಗ, 116ನೇ ಸ್ಥಾನದ ಒಂದು ಬದಲಾವಣೆಯೇ ಸಂವೇದನೆಯನ್ನು 13 ನ್ಯಾನೋಮೀಟರ್ ಸರಿಸಿತು, 177ನೆಯದು 4 ನ್ಯಾನೋಮೀಟರ್. ಮುನ್ನೂರೆಪ್ಪತ್ತು ಚಿಲ್ಲರೆ ಅಮೈನೋ ಆಮ್ಲಗಳ ಸರಪಳಿಯಲ್ಲಿ ಬೆರಳೆಣಿಕೆಯ ಜಾಗಗಳು ಕದಲಿದರೆ ಲೋಕದ ಬಣ್ಣ ಬದಲಾಗುತ್ತದೆ.

ಆದರೆ ಇರುವ ಜೀನನ್ನೇ ಕದಲಿಸುವುದು ಅಪಾಯದ ಆಟ. ಹಸಿರಿನ ಜೀನು ಕೆಟ್ಟರೆ ಕೀಟಕ್ಕೆ ಹಾರಾಟದ ದಿಕ್ಕೇ ತಪ್ಪುತ್ತದೆ, ಚಲನೆಯನ್ನು ಗ್ರಹಿಸುವುದು ಮುಖ್ಯವಾಗಿ ಅದರಿಂದಲೇ. ಹಿತ್ತಲಲ್ಲಿ ಒಂದೇ ಬಾವಿ ಇದ್ದವರು ಅದರ ತಳ ಕೆದಕಲು ಹೋಗುವುದಿಲ್ಲ. ಎರಡಿದ್ದರೆ ಒಂದರಲ್ಲಿ ಪ್ರಯೋಗ ಮಾಡಿ ನೋಡಬಹುದು. ಕೋಶ ವಿಭಜನೆಯ ಎಡವಟ್ಟಿನಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಜೀನಿನ ಎರಡು ಪ್ರತಿಗಳು ಆಗಿಬಿಡುತ್ತವೆ. ಹೆಚ್ಚಿನವು ಹಾಳಾಗಿ ಹೋಗುತ್ತವೆ. ಉಳಿದ ಕೆಲವು ಹೊಸ ಬಣ್ಣದ ಗ್ರಾಹಕಗಳಾಗುತ್ತವೆ. ಕೀಟಗಳ ದೃಷ್ಟಿಯ ಚರಿತ್ರೆ ಬಹುಪಾಲು ಈ ನಕಲು ಜೀನುಗಳ ಚರಿತ್ರೆ.

ಅತಿ ಹೆಚ್ಚು ನಕಲು ಮಾಡಿದವರು ಯಾರು ಎಂದು ಊಹಿಸಲು ಹೇಳಿದರೆ ಹೂವಿಂದ ಹೂವಿಗೆ ಅಲೆಯುವ ಯಾವುದೋ ಚಿಟ್ಟೆಯ ಹೆಸರು ಬಾಯಿಗೆ ಬರುತ್ತದೆ. ನಿಜವಾದ ಉತ್ತರ, ಮಳೆಗಾಲ ಮುಗಿಯುತ್ತಲೇ ಕೆರೆ ಗದ್ದೆಗಳ ಮೇಲೆ ಹಾರಾಡುವ ಏರೋಪ್ಲೇನ್ ಚಿಟ್ಟೆಗಳು. 2015ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ ಅವುಗಳಲ್ಲಿ 15ರಿಂದ 33 ಆಪ್ಸಿನ್ ಜೀನುಗಳು ಸಿಕ್ಕವು. ಅವು ಬೇಟೆಗಾರರು. ಮಕರಂದಕ್ಕೂ ಅವಕ್ಕೂ ಸಂಬಂಧವೇ ಇಲ್ಲ. ಮನುಷ್ಯನ ಬಣ್ಣದ ಜೀನುಗಳು ಮೂರೇ ಎಂಬುದನ್ನು ಇಲ್ಲಿ ಸುಮ್ಮನೆ ನೆನೆದು ಮುಂದೆ ಹೋಗೋಣ.

ಮಕರಂದವನ್ನೇ ನಂಬಿ ಬದುಕುವ ಜೇನುಗಳ ಮನೆತನ ಈ ವಿಷಯದಲ್ಲಿ ಹುಟ್ಟಾ ಸಂಪ್ರದಾಯವಾದಿ. 1992ರಲ್ಲಿ ಮೆನ್ಜೆಲ್ ಅವರ ತಂಡ ಜೇನು, ಕಣಜ ಮತ್ತು ಅವುಗಳ ಬಂಧುಗಳ 43 ಪ್ರಭೇದಗಳ ಕಣ್ಣಿನ ಕೋಶಗಳನ್ನು ಅಳೆದು ಪಟ್ಟಿ ಮಾಡಿತು. ಕಾಡು, ಮರುಭೂಮಿ, ಉಷ್ಣವಲಯ, ಹಿಮದ ನಾಡು, ಎಲ್ಲಿಯದಾದರೂ ಹೆಚ್ಚುಕಡಿಮೆ ಅದೇ ಮೂರು. ಕೆಂಪಿನ ಗ್ರಾಹಕ ಸಿಕ್ಕಿದ್ದು ಒಂದೆರಡು ವಂಶಗಳಲ್ಲಿ. ಅವುಗಳಲ್ಲೊಂದು ಪೆಟೂನಿಯಾ ಹೂಗಳನ್ನೇ ಆಶ್ರಯಿಸಿದ ದಕ್ಷಿಣ ಅಮೆರಿಕದ ಪುಟ್ಟ ಜೇನು ಕ್ಯಾಲೊನಿಕಿಯಮ್. ನಮ್ಮ ಮುತ್ತುಗ, ಬೂರುಗದಂಥ ಕೆಂಪು ಹೂಗಳಿಗೆ ಹಕ್ಕಿಗಳ ಓಡಾಟ ಹೆಚ್ಚಿರುವುದಕ್ಕೂ ಜೇನಿನ ಈ ಕೊರತೆಗೂ ನಂಟಿದೆ. ಹಕ್ಕಿಗೆ ಕೆಂಪು ಚೆನ್ನಾಗಿ ಕಾಣುತ್ತದೆ.

ಜೇನಿಗೆ ಹಸಿರಿನ ಜೀನೂ ಎರಡಿವೆ. ಈ ನಕಲು ಬಲು ಹಳೆಯದು. ಎರಡನೆಯದು ಹೊಸ ಬಣ್ಣ ಕಲಿಯುವ ಬದಲು ನೆತ್ತಿಯ ಮೇಲಿನ ಮೂರು ಸರಳಗಣ್ಣುಗಳಿಗೆ ವಾಸ ಬದಲಿಸಿತು. ಹಾರುವಾಗ ಮೇಲು ಕೆಳಗು ತಪ್ಪದಂತೆ ಆಕಾಶದ ಬೆಳಕನ್ನು ಗಮನಿಸುವುದು ಆ ಕಣ್ಣುಗಳ ಕೆಲಸ. ಗಂಡು ಜೇನು ಇನ್ನೂ ವಿಚಿತ್ರ. ಅದರ ಕಣ್ಣಿನಲ್ಲಿ ಕಿರುಗಣ್ಣುಗಳು ಕೆಲಸಗಾರ ಜೇನಿಗಿಂತ ಸಾವಿರಾರು ಹೆಚ್ಚು, ಆದರೆ ಮೇಲ್ಭಾಗದಲ್ಲಿ ಹಸಿರಿನ ಗ್ರಾಹಕವೇ ಇಲ್ಲ. ಅಲ್ಲಿ ಬರೀ ಅತಿನೇರಳೆ ಮತ್ತು ನೀಲಿ. ನೀಲಿ ಬಾನಿನ ಹಿನ್ನೆಲೆಯಲ್ಲಿ ಕಪ್ಪು ಚುಕ್ಕೆಯಾಗಿ ಹಾದುಹೋಗುವ ರಾಣಿಯನ್ನು ಹಿಡಿಯಲು ಅಷ್ಟು ಸಾಕು. ಜೀನು ಹೊಸದಲ್ಲ, ಅದನ್ನು ಎಲ್ಲಿ ಹಚ್ಚಬೇಕು ಎಲ್ಲಿ ಆರಿಸಬೇಕು ಎಂಬುದಷ್ಟೇ ಬೇರೆ. ಕಾರಣ ಹೂವಲ್ಲ, ಮದುವೆ.

ಕತ್ತಲೆಯ ಎದುರೂ ಜೇನುಗಳು ಇದೇ ಮಿತವ್ಯಯ ತೋರಿವೆ. ಬೆಳದಿಂಗಳಿನಲ್ಲಿ ಹೆಜ್ಜೇನು ಮೇವಿಗೆ ಹೋಗುತ್ತದೆ ಎಂಬುದು ಮಲೆನಾಡಿನ ಜೇನು ಕೀಳುವವರಿಗೆ ಹೊಸ ಸುದ್ದಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್, ಅವರೊಡನೆ ಕೆಲಸ ಮಾಡಿದ ಹೇಮಾ ಸೋಮನಾಥನ್, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎರಿಕ್ ವಾರಂಟ್ ಮತ್ತು ಆಲ್ಮುತ್ ಕೆಲ್ಬರ್, ಇವರೆಲ್ಲ ಸೇರಿ ಹೆಜ್ಜೇನು, ತುಡುವೆ, ಕೋಲುಜೇನುಗಳ ಕಣ್ಣುಗಳನ್ನು ಹೋಲಿಸಿದರು. ಹೆಜ್ಜೇನಿನ ಕಣ್ಣು ಉಳಿದೆರಡಕ್ಕಿಂತ ಹೆಚ್ಚು ಬೆಳಕು ಹಿಡಿಯುತ್ತದೆ. ಸಹ್ಯಾದ್ರಿಯ ಭೀಮಾಶಂಕರ ಅಭಯಾರಣ್ಯದಲ್ಲಿ ಅವರು ನೋಡಿದ ಬಡಗಿ ದುಂಬಿ ಝೈಲೊಕೋಪಾ ಟ್ರಾಂಕ್ವೆಬಾರಿಕಾ ಒಂದು ಹೆಜ್ಜೆ ಮುಂದೆ. ಚಂದ್ರನೇ ಇಲ್ಲದ ರಾತ್ರಿಯಲ್ಲೂ ಅದು ಹೊರಗೆ ಹೋಗಿ ಮರದ ತೂತಿನ ಗೂಡಿಗೆ ಮರಳುತ್ತದೆ. ಗೂಡಿನ ಬಾಯಲ್ಲಿ ಬಣ್ಣದ ಗುರುತುಗಳನ್ನಿಟ್ಟರೆ, ನಮಗೆ ಎಲ್ಲವೂ ಬೂದಾಗಿ ಕಾಣುವ ನಕ್ಷತ್ರದ ಬೆಳಕಿನಲ್ಲಿ, ಅದು ಬಣ್ಣ ನೋಡಿಯೇ ತನ್ನ ಗೂಡನ್ನು ಗುರುತಿಸಿತು. 2008ರಲ್ಲಿ ಇದು ಪ್ರಕಟವಾಯಿತು. ಹಗಲಿಗೆ ತಕ್ಕ ರಚನೆಯ ಜೇನುಗಣ್ಣು ರಾತ್ರಿ ಬಣ್ಣ ಕಾಣುತ್ತದೆಂದು ಅದಕ್ಕೆ ಮೊದಲು ಯಾರೂ ತೋರಿಸಿರಲಿಲ್ಲ. ಅವರು ಅಳೆದ ಪರಿಹಾರ ಕಣ್ಣಿನ ರಚನೆಯಲ್ಲಿತ್ತು: ಅಗಲವಾದ ಮಸೂರ, ಕಿರುಗಣ್ಣಿನೊಳಗೆ ಬೆಳಕು ಹೀರುವ ದಪ್ಪನೆಯ ಕಂಬಿ, ನೆತ್ತಿಯ ಮೇಲೆ ದೊಡ್ಡ ಸರಳಗಣ್ಣುಗಳು.

ಜೀರುಂಡೆಗಳ ಕಥೆ ಇದಕ್ಕೆ ತದ್ವಿರುದ್ಧ. ಹೂವಿನ ಮೊದಲ ಅತಿಥಿಗಳಲ್ಲಿ ಅವೂ ಇದ್ದವು. ಆದರೆ ಹೂವಿನ ಕಾಲಕ್ಕೆ ಬಹಳ ಮೊದಲೇ, ಸುಮಾರು 30 ಕೋಟಿ ವರ್ಷದ ಹಿಂದೆ, ಅವುಗಳ ಪೂರ್ವಜರು ನೀಲಿಯ ಜೀನನ್ನೇ ಕಳೆದುಕೊಂಡಿದ್ದರು. ಹಿಟ್ಟಿನ ಡಬ್ಬಿಯಲ್ಲಿ ಸಿಗುವ ಕೆಂಪು ಹುಳುವಿನ ಜೀನೋಮ್ ಓದಿದಾಗ ಆ ಜೀನು ಸಿಗಲಿಲ್ಲ. ಮೊದಲು ಇದು ಆ ಹುಳುವಿನ ವೈಯಕ್ತಿಕ ನಷ್ಟ ಎಂದುಕೊಂಡರು, ಹುಡುಕುತ್ತ ಹೋದರೆ ಜೀರುಂಡೆಗಳ ಇಡೀ ಕುಲದಲ್ಲೇ ಇಲ್ಲ. ಅತಿನೇರಳೆ ಮತ್ತು ಹಸಿರು, ಎರಡೇ. ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿಗುಂಪು ನೀಲಿಯ ಗ್ರಾಹಕವಿಲ್ಲದೆ ಬದುಕಿ ಹಬ್ಬಿದೆ ಎಂದರೆ, ನೀಲಿ ಕಾಣದವರ ಬಗ್ಗೆ ನಾವು ಅತಿಯಾಗಿ ಮರುಗಬೇಕಿಲ್ಲ.

ಆದರೂ ಕೆಲವು ಜೀರುಂಡೆಗಳು ಹೋದದ್ದನ್ನು ಮರಳಿ ಪಡೆದವು, ಅದೂ ಅಡ್ಡದಾರಿಯಲ್ಲಿ. ಹಸಿರು ಹೊನ್ನಿನ ಮಿಂಚಿನ ರೆಕ್ಕೆಗವಚದ ರತ್ನಜೀರುಂಡೆಗಳಲ್ಲಿ ಅತಿನೇರಳೆಯ ಜೀನು ನಕಲಾಗಿ ಒಂದು ಪ್ರತಿ ನೀಲಿಯ ಕಡೆ ಸರಿದಿದೆ, ಹಸಿರಿನ ಜೀನೂ ನಕಲಾಗಿದೆ. 2016 ಮತ್ತು 2017ರಲ್ಲಿ ಬಂದ ಎರಡು ಅಧ್ಯಯನಗಳ ಪ್ರಕಾರ ಇಂಥ ನಕಲು ಜೀರುಂಡೆಗಳ ಬೇರೆ ಬೇರೆ ಕವಲುಗಳಲ್ಲಿ ಸ್ವತಂತ್ರವಾಗಿ ಹಲವು ಸಲ ನಡೆದಿದೆ. ಕಳೆದುಹೋದ ಹಳೆಯ ಜೀನು ಎಲ್ಲಿಯೂ ಹಿಂತಿರುಗಿಲ್ಲ. ಪ್ರತಿ ಸಲವೂ ಬೇರೆ ಜೀನು ಅದರ ಜಾಗಕ್ಕೆ ಬಂದಿದೆ.

ಹೂವಿನ ಜೊತೆ ನೇರ ನಂಟು ಕಾಣುವುದು ಮೆಡಿಟರೇನಿಯನ್ ತೀರದ ಗ್ಲಾಫಿರಿಡ್ ಎಂಬ ರೋಮಭರಿತ ಜೀರುಂಡೆಗಳಲ್ಲಿ. ಇಸ್ರೇಲಿನ ಬಯಲುಗಳಲ್ಲಿ ವಸಂತದಲ್ಲಿ ಅನೆಮೋನ್, ಗಸಗಸೆ, ಟ್ಯುಲಿಪ್, ರನನ್‌ಕ್ಯುಲಸ್‌ಗಳು ಸಾಲಾಗಿ ಕೆಂಪು ಬಟ್ಟಲುಗಳಂತೆ ಅರಳುತ್ತವೆ. ಎಲ್ಲವೂ ಒಂದೇ ಕುಟುಂಬದವಲ್ಲದಿದ್ದರೂ ಆಕಾರ, ಬಣ್ಣ ಒಂದೇ. ಅಮೋಟ್ಸ್ ದಫ್ನಿ ಮತ್ತು ಸಂಗಡಿಗರು 1990ರಲ್ಲಿ ವಾಸನೆಯೇ ಇಲ್ಲದ ಪ್ಲಾಸ್ಟಿಕ್ ಬಟ್ಟಲುಗಳನ್ನು ಹೊಲದಲ್ಲಿಟ್ಟಾಗ, ಜೀರುಂಡೆಗಳು ಬೇರೆ ಬಣ್ಣದವನ್ನು ಬಿಟ್ಟು ಕೆಂಪು ಬಟ್ಟಲಿಗೇ ಬಂದು ಬಿದ್ದವು. ಅವುಗಳ ಕಣ್ಣಿನಲ್ಲಿ ಕೆಂಪಿಗೆ ಸ್ಪಂದಿಸುವ ಕೋಶಗಳಿವೆ ಎಂದು 2012ರಲ್ಲಿ ಅಳತೆಯಿಂದ ದೃಢಪಟ್ಟಿತು. ಇಲ್ಲಿಯೂ ಒಂದು ಜೀರುಂಡೆ ಗುಂಪಿನ ಕಣ್ಣಿಗಾಗಿ ಬೇರೆ ಬೇರೆ ಸಸ್ಯಕುಟುಂಬಗಳು ಉಡುಪು ಬದಲಿಸಿದಂತಿವೆ. ಲೆಕ್ಕ ಮತ್ತೆ ಹೂವಿನ ಪಾಲಿಗೇ ಬೀಳುತ್ತದೆ.

ಇನ್ನು ಚಿಟ್ಟೆಗಳು. ಈ ಅಧ್ಯಾಯದ ಐಶ್ವರ್ಯವೆಲ್ಲ ಅವುಗಳದ್ದೇ.

ಜಪಾನಿನ ಕೆಂಟಾರೊ ಅರಿಕಾವಾ ತಮ್ಮ ವೃತ್ತಿಜೀವನದ ಬಹುಪಾಲನ್ನು ಪಾಪಿಲಿಯೊ ಕ್ಸೂಥಸ್ ಎಂಬ ಚಿಟ್ಟೆಗೆ ಕೊಟ್ಟವರು. ನಮ್ಮ ನಿಂಬೆ, ಕರಿಬೇವಿನ ಗಿಡದಲ್ಲಿ ಮೊಟ್ಟೆಯಿಡುವ ಚಿಟ್ಟೆಯ ಕುಲದ್ದೇ ಇದು. ವಿದ್ಯಾರ್ಥಿಯಾಗಿದ್ದಾಗಲೇ ಅವರು ಈ ಚಿಟ್ಟೆಯ ಜನನಾಂಗದಲ್ಲಿ ಬೆಳಕಿಗೆ ಮಿಡಿಯುವ ಕೋಶಗಳಿವೆ ಎಂದು ಕಂಡುಹಿಡಿದಿದ್ದರು. ಗಂಡು ಕೂಡುವಾಗ, ಹೆಣ್ಣು ಮೊಟ್ಟೆಯಿಡುವಾಗ ಅಂಗ ಸರಿಯಾದ ಜಾಗದಲ್ಲಿದೆಯೇ ಎಂದು ಅವು ತಿಳಿಸುತ್ತವೆ. ತಲೆಯ ಕಣ್ಣಿನಲ್ಲಿ ಇರುವುದು ಆರು ಬಗೆಯ ಗ್ರಾಹಕಗಳು: ಅತಿನೇರಳೆ, ನೇರಳೆ, ನೀಲಿ, ಹಸಿರು, ಕೆಂಪು, ಮತ್ತೊಂದು ಅಗಲ ಹರವಿನದ್ದು. ಆಪ್ಸಿನ್ ಜೀನುಗಳಾದರೋ ಐದೇ. ಆರನೆಯದು ಎಲ್ಲಿಂದ ಬಂತು? ಅತಿನೇರಳೆಯ ಆಪ್ಸಿನ್ ಇರುವ ಕೆಲವು ಕೋಶಗಳ ಮೇಲೆ ಅತಿನೇರಳೆಯನ್ನು ಸೋಸುವ ವರ್ಣದ್ರವ್ಯ ಕೂತಿರುವುದರಿಂದ ಅವು ನೇರಳೆಯ ಗ್ರಾಹಕಗಳಾಗಿಬಿಟ್ಟಿವೆ. ಅಗಲ ಹರವಿನದ್ದರಲ್ಲಿ ಎರಡು ಆಪ್ಸಿನ್‌ಗಳು ಒಂದೇ ಕೋಶದಲ್ಲಿ ಒಟ್ಟಿಗಿವೆ. ಇಷ್ಟೆಲ್ಲ ಸೇರಿ ಕೊಟ್ಟ ಫಲ, ಕೆಲವು ಭಾಗಗಳಲ್ಲಿ ಒಂದೇ ನ್ಯಾನೋಮೀಟರ್ ವ್ಯತ್ಯಾಸವಿರುವ ಎರಡು ಬಣ್ಣಗಳನ್ನು ಈ ಚಿಟ್ಟೆ ಬೇರೆ ಮಾಡಬಲ್ಲದು.

ಯಾವ ಕಿರುಗಣ್ಣಿಗೆ ಯಾವ ಗ್ರಾಹಕ ಎಂಬುದನ್ನು ನಿರ್ಧರಿಸುವ ವಿಧಾನ ಇನ್ನೂ ಸೋಜಿಗದ್ದು. ಹಣ್ಣುನೊಣದ ಪ್ರತಿ ಕಿರುಗಣ್ಣಿನಲ್ಲಿ ಬಣ್ಣಕ್ಕಾಗಿ ಇರುವ ಒಂದು ಕೋಶ, ಸ್ಪೈನ್‌ಲೆಸ್ ಎಂಬ ಜೀನು ಹಚ್ಚಿಕೊಂಡಿತೋ ಇಲ್ಲವೋ ಎಂಬುದರ ಮೇಲೆ ಎರಡರಲ್ಲಿ ಒಂದು ದಾರಿ ಹಿಡಿಯುತ್ತದೆ. ಇದು ಅಕ್ಷರಶಃ ಜೂಜು, ಯಾವ ಕಿರುಗಣ್ಣಿಗೆ ಯಾವುದು ಎಂದು ಮೊದಲೇ ಹೇಳಲಾಗದು. ಚಿಟ್ಟೆಯಲ್ಲಿ ಅಂಥ ಕೋಶಗಳು ಎರಡಿರುವುದರಿಂದ ಎರಡು ಸಲ ಜೂಜು, ಹಾಗಾಗಿ ಮೂರು ಬಗೆಯ ಕಿರುಗಣ್ಣುಗಳು. 2016ರಲ್ಲಿ ಕ್ಲಾಡ್ ದೆಪ್ಲಾನ್ ಅವರ ಪ್ರಯೋಗಾಲಯ ಕ್ರಿಸ್ಪರ್ ತಂತ್ರದಿಂದ ಸ್ಪೈನ್‌ಲೆಸ್ ಜೀನನ್ನು ಕತ್ತರಿಸಿ ಇದನ್ನು ಸಾಬೀತುಪಡಿಸಿತು.

ಅರಿಕಾವಾ ತಂಡ ಅದೇ ವರ್ಷ ನೀಲಿಪಟ್ಟಿಯ ಗ್ರಾಫಿಯಮ್ ಸಾರ್ಪೆಡಾನ್ ಚಿಟ್ಟೆಯಲ್ಲಿ 15 ಬಗೆಯ ಗ್ರಾಹಕಗಳನ್ನು ಎಣಿಸಿತು. ಪಶ್ಚಿಮಘಟ್ಟದ ಹಳ್ಳದ ಬದಿಯ ಒದ್ದೆ ಮರಳಿನಲ್ಲಿ ಗುಂಪಾಗಿ ಕೂತು ನೀರು ಹೀರುವ ನೀಲಿಪಟ್ಟಿ ಚಿಟ್ಟೆಯನ್ನು ಬಹುಕಾಲ ಇದರದೇ ಉಪಪ್ರಭೇದವೆಂದು ಎಣಿಸುತ್ತಿದ್ದರು. ಹದಿನೈದು ಗ್ರಾಹಕಗಳಿದ್ದರೆ ಹದಿನೈದು ಆಯಾಮದ ಬಣ್ಣಲೋಕ ಎಂದು ಪತ್ರಿಕೆಗಳು ಆಗ ಕುಣಿದಾಡಿದವು. ಸಂಶೋಧಕರ ಊಹೆ ಅಷ್ಟು ರೋಮಾಂಚಕವಲ್ಲ. ದಿನನಿತ್ಯದ ಬಣ್ಣ ಕಾಣಲು ನಾಲ್ಕು ಸಾಕು. ಉಳಿದವು ಬಾನಿನ ಹಿನ್ನೆಲೆಯಲ್ಲಿ ವೇಗವಾಗಿ ಚಲಿಸುವ ವಸ್ತುವನ್ನು, ಎಲೆಗಳ ಮರೆಯ ಬಣ್ಣವನ್ನು ಹಿಡಿಯುವಂಥ ಬಿಡಿ ಕೆಲಸಗಳಿಗೆ. ನನಗೂ ಇದೇ ಸರಿ ಅನ್ನಿಸುತ್ತದೆ. ಆಪ್ಸಿನ್ ಜೀನುಗಳೂ ಹದಿನೈದಿಲ್ಲ, ಇಲ್ಲಿಯೂ ಸೋಸುವ ದ್ರವ್ಯಗಳ ಕೈವಾಡ ದೊಡ್ಡದು.

ಇಷ್ಟೊಂದು ನಕಲುಗಳಿಗೆ ಒತ್ತಡ ಎಲ್ಲಿಂದ ಬಂತು? ಯಶ್ ಸೋಂಧಿ ಮತ್ತು ಸಂಗಡಿಗರು 2021ರಲ್ಲಿ 175 ಚಿಟ್ಟೆ ಪತಂಗಗಳ ಆಪ್ಸಿನ್ ಜೀನುಗಳನ್ನು ಜೋಡಿಸಿ ನೋಡಿದರು. ಪತಂಗಗಳು ಮೂಲತಃ ಇರುಳಿನವು, ಅವುಗಳಲ್ಲಿ ಹಲವು ಕವಲುಗಳು ಬೇರೆ ಬೇರೆ ಕಾಲದಲ್ಲಿ ಹಗಲಿಗೆ ಬಂದಿವೆ. ಬೆಳಕಿನ ಬದುಕಿಗೆ ಹೊಂದಿಕೊಂಡಂತೆ 14 ಸ್ವತಂತ್ರ ನಕಲುಗಳು ಕಂಡವು. ಹಗಲಿನವುಗಳಲ್ಲಿ ಆಪ್ಸಿನ್ ಬದಲಾಗುವ ವೇಗವೂ ಹೆಚ್ಚು. ಹೂವಿಗೆ ಹೋಗುತ್ತದೋ ಇಲ್ಲವೋ ಎಂಬುದಕ್ಕಿಂತ ಎಷ್ಟು ಬೆಳಕಿನಲ್ಲಿ ಬದುಕುತ್ತದೆ ಎಂಬುದು ಜೀನುಗಳ ಮೇಲೆ ಹೆಚ್ಚು ಗುರುತು ಬಿಟ್ಟಿದೆ. ಹಾಗೆಂದು ಇರುಳಿನವರು ಬಣ್ಣಗುರುಡರಲ್ಲ. ಯುರೋಪಿನ ಹಾಕ್ ಪತಂಗ ಡೈಲೆಫಿಲಾ ಎಲ್ಪಿನಾರ್ ನಕ್ಷತ್ರದ ಬೆಳಕಿನಲ್ಲೇ ಬಣ್ಣದ ಹೂವನ್ನು ಬೂದಿನಿಂದ ಬೇರ್ಪಡಿಸುತ್ತದೆ ಎಂದು ಕೆಲ್ಬರ್ ಮತ್ತು ಅವರ ಸಹೋದ್ಯೋಗಿಗಳು 2002ರಲ್ಲೇ ತೋರಿಸಿದ್ದಾರೆ, ಹಳೆಯ ಮೂರು ಗ್ರಾಹಕಗಳಿಂದಲೇ.

ಬೆಳಕು ಅವಕಾಶ ಕೊಡುತ್ತದೆ, ಆದರೆ ಆ ಅವಕಾಶವನ್ನು ಯಾವುದಕ್ಕೆ ಬಳಸಿಕೊಳ್ಳುವುದು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಅತ್ಯಂತ ಚೊಕ್ಕ ಉತ್ತರ ಅಮೆರಿಕದ ಉಷ್ಣವಲಯದ ಹೆಲಿಕೋನಿಯಸ್ ಚಿಟ್ಟೆಗಳಲ್ಲಿದೆ. ಇವು ಮಕರಂದದ ಜೊತೆ ಪರಾಗವನ್ನೂ ಜೀರ್ಣಿಸಿಕೊಳ್ಳುವ, ಆ ಬಲದಿಂದ ತಿಂಗಳುಗಟ್ಟಲೆ ಬದುಕುವ ವಿರಳ ಚಿಟ್ಟೆಗಳು. ಏಡ್ರಿಯಾನಾ ಬ್ರಿಸ್ಕೋ ಮತ್ತು ಸಂಗಡಿಗರು 2010ರಲ್ಲಿ ಇವುಗಳಲ್ಲಿ ಅತಿನೇರಳೆಯ ಜೀನು ನಕಲಾಗಿರುವುದನ್ನು ವರದಿ ಮಾಡಿದರು. ಒಂದು 355 ನ್ಯಾನೋಮೀಟರಿಗೆ, ಇನ್ನೊಂದು 398ಕ್ಕೆ. ನಕಲಾದ ಪ್ರತಿ ಬಲವಾದ ಆಯ್ಕೆಯ ಒತ್ತಡದಲ್ಲಿ ವೇಗವಾಗಿ ಬದಲಾಗಿತ್ತು. ಇದು ನಡೆದ ಹೊತ್ತಿಗೇ ಹೆಲಿಕೋನಿಯಸ್‌ಗಳ ರೆಕ್ಕೆಯಲ್ಲಿ ಹೊಸ ಹಳದಿ ಬಂದಿತ್ತು. ಹತ್ತಿರದ ಸಂಬಂಧಿಗಳ ಹಳದಿಯೂ ನಮ್ಮ ಕಣ್ಣಿಗೆ ಹಾಗೆಯೇ ಕಾಣುತ್ತದೆ, ಆದರೆ ಹೆಲಿಕೋನಿಯಸ್‌ನ ಹಳದಿ ಮಾತ್ರ ಅತಿನೇರಳೆಯನ್ನೂ ಹಿಮ್ಮರಳಿಸುತ್ತದೆ. ಹಕ್ಕಿಗಳನ್ನು ಹೆದರಿಸಲು ಒಂದೇ ಬಗೆಯ ರೆಕ್ಕೆ ತೊಟ್ಟ ಹಲವು ಪ್ರಭೇದಗಳು ಒಂದೇ ಕಾಡಿನಲ್ಲಿ ಹಾರಾಡುವಾಗ, ತನ್ನವರು ಯಾರೆಂದು ತಿಳಿಯಲು ಈ ಹಳದಿ ನೆರವಾಗುತ್ತದೆ.

ಮುಂದಿನ ತಿರುವು ಯಾರೂ ನಿರೀಕ್ಷಿಸಿದ್ದಲ್ಲ. ಹೆಲಿಕೋನಿಯಸ್ ಎರಾಟೊ ಎಂಬ ಪ್ರಭೇದದಲ್ಲಿ 355ರ ಗ್ರಾಹಕ ಹೆಣ್ಣಿನ ಕಣ್ಣಿನಲ್ಲಿ ಮಾತ್ರ ಇದೆ ಎಂದು 2016ರಲ್ಲಿ ತಿಳಿಯಿತು. ಗಂಡಿನಲ್ಲಿ ಹುಡುಕಿದರೂ ಇಲ್ಲ. ಕಾರಣದ ಎಳೆ 2023ರಲ್ಲಿ ಇನ್ನೊಂದು ಹೆಲಿಕೋನಿಯಸ್‌ನ ಜೀನೋಮಿನಲ್ಲಿ ಸಿಕ್ಕಿತು: ಈ ಜೀನು ಡಬ್ಲ್ಯು ವರ್ಣತಂತುವಿನ ಮೇಲೆ ಹೋಗಿ ಕೂತಿದೆ. ಚಿಟ್ಟೆಗಳಲ್ಲಿ ಆ ವರ್ಣತಂತು ಹೆಣ್ಣಿಗೆ ಮಾತ್ರ ಇರುತ್ತದೆ. ಹಾಗಾಗಿ ತಾಯಿಯಿಂದ ಮಗಳಿಗಷ್ಟೇ ದಾಟುವ ಬಣ್ಣ ಇದು. ಡಬ್ಲ್ಯು ವರ್ಣತಂತು ಎಂದರೆ ಜೀನುಗಳು ಸೊರಗಿ ನಶಿಸುವ ಜಾಗ ಎಂದೇ ಪಠ್ಯಪುಸ್ತಕಗಳು ಹೇಳುತ್ತವೆ, ಅಲ್ಲಿ ಇಂಥದ್ದೊಂದು ಜೀನು ಕೆಲಸ ಮಾಡುತ್ತಿತ್ತು.

ಹೆಣ್ಣಿಗೆ ಆ ಗ್ರಾಹಕದಿಂದ ನಿಜಕ್ಕೂ ಹೊಸ ಬಣ್ಣ ಕಾಣುತ್ತದೆಯೇ? ಫ್ರಿಷ್ ಕೇಳಿದ ಪ್ರಶ್ನೆಯೇ, ಅವರ ಪರೀಕ್ಷೆಯ ಮಾದರಿಯಲ್ಲೇ ಉತ್ತರ ಹುಡುಕಿದರು. ಸೂಸನ್ ಫಿಂಕ್‌ಬೈನರ್ ಮತ್ತು ಬ್ರಿಸ್ಕೋ ಎರಾಟೊ ಚಿಟ್ಟೆಗಳಿಗೆ ಸಕ್ಕರೆ ನೀರಿನ ಆಸೆ ತೋರಿಸಿ 380 ಮತ್ತು 390 ನ್ಯಾನೋಮೀಟರಿನ ಎರಡು ಬೆಳಕುಗಳಲ್ಲಿ ಒಂದನ್ನು ಆರಿಸಲು ಕಲಿಸಿದರು. ನಮಗೆ ಆ ಎರಡರ ನಡುವೆ ಯಾವ ಭೇದವೂ ತೋರುವುದಿಲ್ಲ. ಬೆಳಕಿನ ಪ್ರಖರತೆಯನ್ನು ಏರಿಸಿ ಇಳಿಸಿದರೂ ಹೆಣ್ಣುಗಳು ಸರಿಯಾದದ್ದನ್ನೇ ಆರಿಸಿದವು. ಗಂಡುಗಳಿಗೆ ಆಗಲಿಲ್ಲ.